ಆಹಾರ ಭಂಡಾರ ಮೂರನೇ ತಿಂಗಳಿಗೇ ಮುಚ್ಚದಂತೆ ನಡೆಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

"ಎರಡು ಕೋಣೆ ತುಂಬ ಸಾಮಾನು ಬಂತು, ಆದ್ರೆ ಕೊಡೋಕೆ ಅಕ್ಕಿನೇ ಇಲ್ಲ." "ಮೊದಲ ವಾರ ಸಾಲು ರಸ್ತೆವರೆಗೂ ಇತ್ತು, ಈಗ ಯಾರೂ ಬರ್ತಿಲ್ಲ." "ಬೀಗದ ಕೈ ಇಟ್ಕೊಂಡೋರಿಗೆ ಜ್ವರ, ಅದಕ್ಕೇ ಈ ಸಲ ತೆಗೀಲಿಲ್ಲ."

ಆಹಾರ ಭಂಡಾರ ಶುರು ಮಾಡಿದವರ ಬಾಯಲ್ಲಿ ಮತ್ತೆ ಮತ್ತೆ ಕೇಳುವ ಮಾತುಗಳಿವು. ಮನಸ್ಸು ಎಲ್ಲರದ್ದೂ ಒಳ್ಳೆಯದೇ. ತಪ್ಪುವುದು ಕೆಲಸದ ಕ್ರಮ. ಮೊದಲು ಸಾಮಾನು ಕೂಡಿಸುತ್ತಾರೆ, ಆಮೇಲೆ ಜಾಗ ಹುಡುಕುತ್ತಾರೆ, ಇದೆಲ್ಲ ಯಾರಿಗೆ ಬೇಕು ಅನ್ನೋದು ಕೊನೆಗೆ ನೆನಪಾಗುತ್ತದೆ. ಇದನ್ನು ಪೂರ್ತಿ ತಿರುವಿ ಹಾಕಬೇಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಬೇಯಿಸಿದ ಊಟ ಬಡಿಸುವ ಕೆಲಸದ ಬಗ್ಗೆ ಅಲ್ಲ. ಜನ ಮನೆಗೆ ಒಯ್ದು ಬೇಯಿಸಿಕೊಳ್ಳುವ ದಿನಸಿಯನ್ನು ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಕೊಡುವ ಜಾಗದ ಬಗ್ಗೆ. ಫುಡ್ ಪ್ಯಾಂಟ್ರಿ ಅಂತಾರಲ್ಲ, ಅದು.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಚೀಲವನ್ನೇ ಇಟ್ಟು ತೂಗಬಹುದಾದ ಒಂದು ತಕ್ಕಡಿ. ಕಬ್ಬಿಣದ ರ‍್ಯಾಕ್‌ಗಳು. ಮುಚ್ಚಳ ಬಿಗಿಯಾಗಿ ಕೂರುವ ದೊಡ್ಡ ಡಬ್ಬಗಳು. ದಪ್ಪ ಮಾರ್ಕರ್ ಪೆನ್ನು. ನಂಬರ್ ಬರೆದ ಟೋಕನ್‌ಗಳು. ಮೂರು ನೋಟ್‌ಬುಕ್: ಒಳಗೆ ಬಂದದ್ದಕ್ಕೆ ಒಂದು, ಹೊರಗೆ ಹೋದದ್ದಕ್ಕೆ (ಎಸೆದದ್ದೂ ಸೇರಿ) ಒಂದು, ಫ್ರಿಜ್‌ನ ಉಷ್ಣಾಂಶ ಬರೆಯೋಕೆ ಒಂದು. ಫ್ರಿಜ್, ಫ್ರೀಜರ್ ಇದ್ದರೆ ಒಂದೊಂದಕ್ಕೂ ಬೇರೆ ಥರ್ಮಾಮೀಟರ್. ಮತ್ತೆ, ಸಿಕ್ಕಷ್ಟು ಕುರ್ಚಿಗಳು.

ಫ್ರಿಜ್ ಇಲ್ಲ ಅಂದ್ರೆ ಒಣ ದಿನಸಿಯಿಂದಲೇ ಶುರು ಮಾಡಿ. ಹಾಲು, ಮೊಟ್ಟೆ ಆರು ತಿಂಗಳ ನಂತರ ಬಂದರೂ ಪರವಾಗಿಲ್ಲ. ಆಪ್, ಕಂಪ್ಯೂಟರ್ ಯಾವುದೂ ಮೊದಲ ವರ್ಷ ಬೇಡ. ನೋಟ್‌ಬುಕ್ಕಿನಲ್ಲಿ ಬರೆಯದವರು ಆಪ್‌ನಲ್ಲೂ ಬರೆಯುವುದಿಲ್ಲ.

ಹಂತ 1: ಯಾರ ಮನೆಯಲ್ಲಿ, ತಿಂಗಳ ಯಾವ ವಾರ ಹಸಿವು?

ಸಾಮಾನು ಮುಟ್ಟುವ ಮೊದಲು ಎರಡು ವಾರ ಬರೀ ಕೇಳುವ ಕೆಲಸ ಮಾಡಿ. ಶಾಲೆಯ ಟೀಚರ್, ಆಸ್ಪತ್ರೆಯ ನರ್ಸ್, ಕೂಲಿಗೆ ಜನ ಕರೆದೊಯ್ಯುವವರು, ಸಾಲ ಬರೆದುಕೊಳ್ಳುವ ಅಂಗಡಿಯವರು: ಯಾರ ಮನೆಯಲ್ಲಿ ಒಲೆ ಹಚ್ಚುವುದು ಕಷ್ಟವಾಗಿದೆ ಅಂತ ಇವರಿಗೆ ಗೊತ್ತಿರುತ್ತದೆ. ಆಮೇಲೆ ಮನೆಗಳಿಗೇ ಹೋಗಿ.

"ನೀವು ಹಸಿದಿದ್ದೀರಾ?" ಅಂತ ಯಾರನ್ನೂ ಕೇಳಬೇಡಿ. ಆರೋಗ್ಯ ಕೇಂದ್ರಗಳಲ್ಲಿ ಬಳಕೆಯಲ್ಲಿರುವ ಎರಡು ಪ್ರಶ್ನೆಗಳಿವೆ, ಅವೇ ಸಾಕು. ಒಂದು: ಕಳೆದ 12 ತಿಂಗಳಲ್ಲಿ, ಮತ್ತೆ ಕೊಳ್ಳೋಕೆ ದುಡ್ಡು ಬರುವ ಮೊದಲೇ ದಿನಸಿ ಮುಗಿದುಹೋಗುತ್ತೇನೋ ಅನ್ನುವ ಚಿಂತೆ ಇತ್ತೇ? ಎರಡು: ತಂದದ್ದು ಸಾಲದೆ, ಮತ್ತೆ ತರೋಕೆ ದುಡ್ಡಿಲ್ಲದೆ ಇದ್ದದ್ದುಂಟೇ? ಎರಡರಲ್ಲಿ ಒಂದಕ್ಕಾದರೂ "ಆಗಾಗ" ಅಥವಾ "ಕೆಲವೊಮ್ಮೆ" ಅಂದರೆ ಆ ಮನೆ ನಿಮ್ಮ ಪಟ್ಟಿಗೆ ಸೇರಿತು.

ಜೊತೆಗೆ ಇನ್ನಷ್ಟು ಕೇಳಿಕೊಳ್ಳಿ. ಮನೆಯಲ್ಲಿ ಎಷ್ಟು ಜನ? ಒಲೆ ಇದೆಯಾ, ಫ್ರಿಜ್ ಇದೆಯಾ? ಯಾವ ದಿನ, ಯಾವ ಹೊತ್ತು ಬಿಡುವು? ತಿಂಗಳ ಯಾವ ವಾರ ಹೆಚ್ಚು ಕಷ್ಟ? ಕೊನೆಯ ಪ್ರಶ್ನೆ ತುಂಬ ಮುಖ್ಯ. ಸಂಬಳದ ಮನೆಗಳಲ್ಲಿ ಸಾಮಾನ್ಯವಾಗಿ ತಿಂಗಳ ಕೊನೆಯ ಹತ್ತು ದಿನ ಕೈ ಬರಿದಾಗಿರುತ್ತದೆ. ನೀವು ಮೊದಲ ವಾರ ಬಾಗಿಲು ತೆರೆದು "ಯಾರೂ ಬರಲಿಲ್ಲ" ಅಂದರೆ ಅದು ಅವರ ತಪ್ಪಲ್ಲ.

ಸಾಮಾನ್ಯ ತಪ್ಪು: ಬಿಡುವಿರುವ ನಾವು ನಾಲ್ಕು ಜನ ಸೇರಿ ಬೆಳಗ್ಗೆ 11 ಗಂಟೆ ಅಂತ ಗೊತ್ತು ಮಾಡುವುದು. ಕೆಲಸಕ್ಕೆ ಹೋಗುವವರೂ ಹಸಿದಿರುತ್ತಾರೆ ಅನ್ನೋದು ನಮಗೆ ಹೊಳೆಯುವುದೇ ಇಲ್ಲ. 11 ಗಂಟೆಗೆ ಬರಬೇಕೆಂದರೆ ಅವರು ಆ ದಿನದ ಕೂಲಿ ಬಿಡಬೇಕು.

ಹಂತ 2: ಜಾಗ ಮತ್ತು ಅನುಮತಿ

ನೆಲಮಹಡಿ, ಒದ್ದೆ ಹಿಡಿಯದ ಗೋಡೆ, ಒಳಗೆ ಬರೋಕೆ ಒಂದು ಬಾಗಿಲು, ಹೊರಗೆ ಹೋಗೋಕೆ ಇನ್ನೊಂದು. ಒಂದೇ ಬಾಗಿಲಾದರೆ ತುಂಬಿದ ಚೀಲ ಹಿಡಿದವರು ಕಾಯುತ್ತಿರುವವರ ಮಧ್ಯೆಯೇ ನುಗ್ಗಿ ಬರಬೇಕು. ಇಬ್ಬರಿಗೂ ಮುಜುಗರ.

ಆಹಾರ ಇಡುವುದಕ್ಕೆ, ಹಂಚುವುದಕ್ಕೆ ಸ್ಥಳೀಯ ಆಡಳಿತದ ನೋಂದಣಿ ಬೇಕಾ ಅಂತ ಮೊದಲೇ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಒಳ್ಳೆಯ ಉದ್ದೇಶದಿಂದ ಕೊಟ್ಟ ಆಹಾರಕ್ಕಾಗಿ ದಾನಿಯನ್ನು ಹೊಣೆ ಮಾಡದ ಕಾನೂನು ಕೆಲವು ದೇಶಗಳಲ್ಲಿದೆ. ನಿಮ್ಮಲ್ಲಿದ್ದರೆ ಅದರ ಒಂದು ಪ್ರತಿ ಜೇಬಿನಲ್ಲಿರಲಿ. ದೊಡ್ಡ ಅಂಗಡಿಯವರು ಕೇಳುವ ಮೊದಲ ಪ್ರಶ್ನೆಯೇ ಅದು.

ಹಂತ 3: ಒಂದು ಚೀಲದ ಲೆಕ್ಕ

ಎಷ್ಟು ಕೊಡಬೇಕು ಅಂತ ಅಂದಾಜಿನಲ್ಲಿ ತೀರ್ಮಾನಿಸಬೇಡಿ. ಕಾಗದ ತೆಗೆದುಕೊಳ್ಳಿ.

ಪರಿಹಾರ ಕೆಲಸಗಳಲ್ಲಿ ಒಬ್ಬರಿಗೆ ದಿನಕ್ಕೆ 2,100 ಕಿಲೋ ಕ್ಯಾಲೊರಿ ಅಂತ ಲೆಕ್ಕ ಹಿಡಿಯುತ್ತಾರೆ. ನಾಲ್ಕು ಜನರ ಮನೆಗೆ ಮೂರು ದಿನಕ್ಕೆ 25,200. ಅಕ್ಕಿ ಇರಲಿ, ಗೋಧಿ ಹಿಟ್ಟಿರಲಿ, ಒಂದು ಕಿಲೋಗೆ ಸುಮಾರು 3,500. ಬೇಳೆಯಲ್ಲಿ ಸುಮಾರು 3,400. ಒಂದು ಲೀಟರ್ ಎಣ್ಣೆಯಲ್ಲಿ 8,200ರ ಆಸುಪಾಸು. ಹಾಗಾದರೆ 5 ಕಿಲೋ ಅಕ್ಕಿ, 1 ಕಿಲೋ ಬೇಳೆ, ಅರ್ಧ ಲೀಟರ್ ಎಣ್ಣೆ: 17,500, 3,400, 4,100. ಒಟ್ಟು 25,000. ಮೂರು ದಿನಕ್ಕೆ ಸರಿಯಾಯಿತು.

ಇದು ಹೊಟ್ಟೆ ತುಂಬಿಸುವ ಲೆಕ್ಕ ಅಷ್ಟೇ. ತರಕಾರಿ, ಹಣ್ಣು, ಹಾಲಿನ ಪುಡಿ, ಉಪ್ಪು ಇದರ ಮೇಲೆ ಸೇರಬೇಕು. ಆದರೆ ಈ ಲೆಕ್ಕ ಒಮ್ಮೆ ಮಾಡಿದರೆ ಒಂದು ಸತ್ಯ ಕಣ್ಣಿಗೆ ಕಾಣುತ್ತದೆ: ಎರಡು ಪ್ಯಾಕೆಟ್ ಬಿಸ್ಕೆಟ್, ಒಂದು ಟಿನ್ ಸೂಪು, ಒಂದು ಬಾಟಲಿ ಜಾಮ್ ಇರುವ ಚೀಲ ನೋಡೋಕೆ ತುಂಬಿದಂತೆ ಇರುತ್ತದೆ, ಆ ಮನೆಗೆ ಒಂದು ದಿನಕ್ಕೂ ಸಾಲದು.

ಈಗ ಗುಣಿಸಿ. 40 ಮನೆಯಾದರೆ ಒಂದು ಸಲಕ್ಕೆ 200 ಕಿಲೋ ಅಕ್ಕಿ ಬೇಕು. ವಾರಕ್ಕೊಮ್ಮೆ ಆಗುತ್ತದಾ? ಆಗದಿದ್ದರೆ ಎರಡು ವಾರಕ್ಕೊಮ್ಮೆ ಅಂತ ಈಗಲೇ ಹೇಳಿ. ವಾರ ವಾರ ತೆರೆದು ಐದನೇ ವಾರ ಕೈ ಎತ್ತುವುದಕ್ಕಿಂತ, ಎರಡು ವಾರಕ್ಕೊಮ್ಮೆ ತಪ್ಪದೆ ತೆರೆಯುವುದು ಎಷ್ಟೋ ಮೇಲು. ನಿಮ್ಮ ದಿನವನ್ನು ನಂಬಿ ಮನೆಯ ಕೊನೆಯ ಸೇರು ಅಕ್ಕಿ ಖರ್ಚು ಮಾಡಿದವರು ಇರುತ್ತಾರೆ. ಎರಡು ಸಲಕ್ಕಾಗುವ ಸಾಮಾನು ಒಳಗೆ ಬಂದು ಕೂರುವ ತನಕ ಬಾಗಿಲು ತೆರೆಯಲೇಬೇಡಿ.

ಹಂತ 4: ಸಾಮಾನು ತರಿಸುವುದು

ಈಗ ಕೇಳಲು ಹೊರಡಿ, ಈಗ ಮಾತ್ರ. ಮೂರು ದಾರಿಗಳಿವೆ: ಹಣ, ಅಂಗಡಿಗಳಲ್ಲಿ ಉಳಿದ ಸಾಮಾನು, ಮನೆಗಳಿಂದ ಬರುವ ದಿನಸಿ. ಎಲ್ಲರೂ ಮೂರನೆಯದರಿಂದ ಶುರು ಮಾಡುತ್ತಾರೆ. ಅದೇ ಹೆಚ್ಚು ಕೆಲಸ ಕೊಡುತ್ತದೆ, ಕಡಿಮೆ ಹೊಟ್ಟೆ ತುಂಬಿಸುತ್ತದೆ. ಜನ ತಮ್ಮ ಮನೆಯಲ್ಲಿ ಬಳಸದ್ದನ್ನು ಕೊಡುತ್ತಾರೆ, ಇದು ಮನುಷ್ಯ ಸಹಜ. ಹಣ ಬಂದರೆ ಸಗಟು ದರದಲ್ಲಿ ನಿಮಗೆ ಬೇಕಾದದ್ದನ್ನೇ ತರಬಹುದು. ಹಣ ಕೇಳೋಕೆ ಸಂಕೋಚ ಬೇಡ. ಬಿಲ್ಲು ತೋರಿಸಿ, ಅಷ್ಟೇ.

ದಿನಸಿಯನ್ನೇ ಕೊಡುತ್ತೇವೆ ಅನ್ನುವವರಿಗೆ ನಾಲ್ಕೇ ವಸ್ತುಗಳ ಪಟ್ಟಿ ಕೊಡಿ. 20 ಸಾಲಿನ ಪಟ್ಟಿ ಯಾರೂ ಓದುವುದಿಲ್ಲ. "ಈ ತಿಂಗಳು: ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ." ಮುಂದಿನ ತಿಂಗಳು ಬದಲಿಸಿ.

ಅಂಗಡಿಗಳ ಹತ್ತಿರ ಹೋದಾಗ "ಏನಾದ್ರೂ ಉಳಿದ್ರೆ ಕೊಡಿ" ಅನ್ನಬೇಡಿ. "ಪ್ರತಿ ಗುರುವಾರ ಸಂಜೆ 6ಕ್ಕೆ ನಮ್ಮವರೊಬ್ಬರು ಬರುತ್ತಾರೆ, ಕ್ರೇಟ್ ನಾವೇ ತರುತ್ತೇವೆ" ಅನ್ನಿ. ಒಂದು ಗುರುವಾರ ತಪ್ಪಿಸಿದರೂ ಅವರು ಮುಂದಿನ ಸಲ ಕಸಕ್ಕೇ ಹಾಕುತ್ತಾರೆ.

ಹಂತ 5: ಬಾಗಿಲಲ್ಲೇ ಜರಡಿ ಹಿಡಿಯಿರಿ

ಬಂದ ಸಾಮಾನು ನೇರ ರ‍್ಯಾಕಿಗೆ ಹೋಗಬಾರದು. ಮೊದಲು ತಕ್ಕಡಿ, ಆಮೇಲೆ ಮೇಜು. ಮೇಜಿನ ಮೇಲೆ ಮೂರು ಬುಟ್ಟಿ: ಇಡುವುದು, ಅನುಮಾನ, ಎಸೆಯುವುದು. ಅನುಮಾನದ ಬುಟ್ಟಿಯನ್ನು ಒಬ್ಬರೇ ಅನುಭವಿಗಳು ನೋಡಲಿ. ಹತ್ತು ಜನ ನೋಡಿದರೆ ಹತ್ತು ನಿಯಮ.

ದಿನಾಂಕ: ಇಲ್ಲೇ ಎಲ್ಲರೂ ಗಲಿಬಿಲಿಗೊಳ್ಳುತ್ತಾರೆ. "ಬೆಸ್ಟ್ ಬಿಫೋರ್" ಅಂದರೆ ರುಚಿ, ಗುಣಮಟ್ಟದ ಮಾತು. ಆ ದಿನ ದಾಟಿದ ಒಣ ಪದಾರ್ಥ ಸರಿಯಾಗಿ ಇಟ್ಟಿದ್ದರೆ ತಿನ್ನಲು ಸಾಮಾನ್ಯವಾಗಿ ತೊಂದರೆಯಿಲ್ಲ. "ಯೂಸ್ ಬೈ" ಅಂದರೆ ಸುರಕ್ಷತೆಯ ಮಾತು. ಅದು ದಾಟಿದರೆ ಎಸೆಯಿರಿ, ಚರ್ಚೆ ಬೇಡ. ಕೂಸುಗಳಿಗೆ ಕೊಡುವ ಹಾಲಿನ ಪುಡಿಯ ಡಬ್ಬಿಗೆ ಯಾವ ರಿಯಾಯಿತಿಯೂ ಇಲ್ಲ: ದಿನಾಂಕ ದಾಟಿದರೆ ಹೋಯಿತು. ಎರಡರಲ್ಲಿ ಯಾವ ದಿನಾಂಕ ದಾಟಿದ್ದನ್ನು ಕೊಡಬಹುದು ಅನ್ನುವ ಸ್ಥಳೀಯ ನಿಯಮ ಬೇರೆ ಇದ್ದರೆ ಅದೇ ಅಂತಿಮ.

ಟಿನ್‌ಗಳು: ಉಬ್ಬಿದ್ದು, ಸೋರಿದ್ದು, ಒರೆಸಿದರೂ ಹೋಗದ ತುಕ್ಕು ಹಿಡಿದದ್ದು ಎಸೆಯುವ ಬುಟ್ಟಿಗೆ. ತಗ್ಗು ಬಿದ್ದಿದ್ದರೆ ಬೆರಳಿಟ್ಟು ನೋಡಿ. ಬೆರಳು ಕೂರುವಷ್ಟು ಆಳವಿದ್ದರೆ, ಅಥವಾ ತಗ್ಗು ಅಂಚಿನ ಜೋಡಣೆಯ ಮೇಲೇ ಇದ್ದರೆ ಅದೂ ಹೋಗಲಿ. ಇಂಥ ಟಿನ್ನಿನೊಳಗೆ ಬೊಟುಲಿಸಂ ಅನ್ನುವ, ಜೀವಕ್ಕೇ ಕುತ್ತಾಗಬಲ್ಲ ಕಾಯಿಲೆ ತರುವ ವಿಷ ಹುಟ್ಟಬಹುದು. ಅದಕ್ಕೆ ವಾಸನೆ ಇರಲೇಬೇಕೆಂದಿಲ್ಲ, ರುಚಿ ಕೆಡಲೇಬೇಕೆಂದಿಲ್ಲ. "ಸ್ವಲ್ಪ ನೆಕ್ಕಿ ನೋಡೋಣ" ಅನ್ನುವವರನ್ನು ಆ ಮೇಜಿನಿಂದ ಎಬ್ಬಿಸಿ ಬೇರೆ ಕೆಲಸ ಕೊಡಿ.

ತೆಗೆದುಕೊಳ್ಳಲೇಬಾರದವು: ಒಡೆದ ಪ್ಯಾಕೆಟ್, ಲೇಬಲ್ ಹರಿದದ್ದು, ಮನೆಯಲ್ಲಿ ತಯಾರಿಸಿ ಬಾಟಲಿಗೆ ತುಂಬಿದ್ದು. ಮೂರನೆಯದಕ್ಕೆ ಬೇಡ ಅನ್ನುವುದು ಕಷ್ಟ, ಗೊತ್ತು. ಪ್ರೀತಿಯಿಂದ ಮಾಡಿ ತಂದಿರುತ್ತಾರೆ. ನಿಯಮವನ್ನು ಗೋಡೆಯ ಮೇಲೆ ಬರೆದು ಹಾಕಿದರೆ ಬಾಯಿ ಬಿಟ್ಟು ಹೇಳುವ ಕಷ್ಟ ಅರ್ಧ ತಪ್ಪುತ್ತದೆ.

ಅಕ್ಕಿಯಲ್ಲಿ ಹುಳ ಇದೆಯಾ ಅಂತ ಚೀಲದ ಮೂಲೆ ನೋಡಿ. ಕಣ್ಣಿಗೆ ಕಾಣದಿದ್ದರೂ ಮೊಟ್ಟೆ ಇರಬಹುದು. ಫ್ರೀಜರ್‌ನಲ್ಲಿ ಜಾಗವಿದ್ದರೆ ಸಣ್ಣ ಸಣ್ಣ ಪ್ಯಾಕೆಟ್ ಮಾಡಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ದಿನ ಇಟ್ಟು ತೆಗೆಯಿರಿ. ಇಲ್ಲದಿದ್ದರೆ ಹೊಸ ಚೀಲವನ್ನು ಹಳೆಯದರ ಪಕ್ಕ ಇಡಬೇಡಿ.

ಹಂತ 6: ಜೋಡಿಸುವುದು, ತಂಪಾಗಿಡುವುದು

ಕೆಳಗಿನ ಹಲಗೆ ನೆಲದಿಂದ 15 ಸೆಂಟಿಮೀಟರ್ ಮೇಲಿರಲಿ, ರ‍್ಯಾಕು ಗೋಡೆಯಿಂದ ಒಂದು ಗೇಣು ದೂರವಿರಲಿ. ಕಸ ಗುಡಿಸೋಕೆ ಮಾತ್ರ ಅಲ್ಲ, ಇಲಿಯ ಹಿಕ್ಕೆ ಕಣ್ಣಿಗೆ ಬೀಳಲಿ ಅಂತ. ಸೋಪು, ಫಿನಾಯಿಲು ಆಹಾರದ ರ‍್ಯಾಕಿನಲ್ಲಿ ಬೇಡವೇ ಬೇಡ. ಅಕ್ಕಿಗೆ ಹಿಡಿದ ಸೋಪಿನ ವಾಸನೆ ಅನ್ನದಲ್ಲೂ ಉಳಿಯುತ್ತದೆ.

ಪ್ರತಿ ಪ್ಯಾಕೆಟ್ಟಿನ ಮುಂಭಾಗದಲ್ಲಿ ಅವಧಿಯ ತಿಂಗಳು, ವರ್ಷವನ್ನು ಮಾರ್ಕರ್‌ನಲ್ಲಿ ದಪ್ಪಗೆ ಬರೆಯಿರಿ. ಮೊದಲು ಅವಧಿ ಮುಗಿಯುವುದು ಮುಂದೆ. ಮೊದಲು ಬಂದದ್ದು ಮುಂದೆ ಅಲ್ಲ, ಎರಡೂ ಒಂದೇ ಅಂತ ತಿಳಿದು ಎಡವುವವರು ಜಾಸ್ತಿ.

ದೊಡ್ಡ ಚೀಲವನ್ನು ಚಿಕ್ಕ ಪ್ಯಾಕೆಟ್ ಮಾಡುವಾಗ ಪದಾರ್ಥದ ಹೆಸರು, ತುಂಬಿದ ದಿನ, ಮೂಲ ಚೀಲದ ಬ್ಯಾಚ್ ನಂಬರ್ ಬರೆಯಿರಿ. ಕಂಪನಿಯವರು ಯಾವುದೋ ಬ್ಯಾಚ್ ವಾಪಸ್ ತರಿಸಿಕೊಂಡಾಗ ಇದೊಂದೇ ನಿಮ್ಮನ್ನು ಕಾಪಾಡುವುದು. ಶೇಂಗಾ, ಎಳ್ಳು, ಗೋಧಿ, ಸೋಯಾ, ಹಾಲು ಬೆರೆತ ಪದಾರ್ಥವಾದರೆ ಅದನ್ನೂ ಬರೆಯಬೇಕು. ಅಲರ್ಜಿ ಇರುವವರಿಗೆ ಇದು ಜೀವದ ಪ್ರಶ್ನೆ.

ಫ್ರಿಜ್ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಫ್ರೀಜರ್ ಮೈನಸ್ 18. ದಿನಕ್ಕೆ ಎರಡು ಸಲ ನೋಡಿ ಬರೆಯಿರಿ. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. "ಹೇಗಿದೆ ನೋಡೋಣ" ಅಂತ ಐದು ಸಲ ತೆಗೆದರೆ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ.

ಹಂತ 7: ಹಂಚುವ ದಿನ

ಭಂಡಾರ ಉಳಿಯುವುದೂ ಮುಚ್ಚುವುದೂ ಈ ಎರಡು ಗಂಟೆಯಲ್ಲೇ. ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಜನರನ್ನು ಸಾಲಿನಲ್ಲಿ ನಿಲ್ಲಿಸಬೇಡಿ. ಕುರ್ಚಿಗಳು ಇದಕ್ಕೇ. ಮೊದಲು ಬಂದವರಿಗೆ ಮೊದಲು ಅನ್ನುವ ನಿಯಮ ನ್ಯಾಯವಾಗಿ ಕಾಣುತ್ತದೆ, ಆದರೆ ಬೆಳಗಿನ ಜಾವವೇ ವಯಸ್ಸಾದವರು ಬಂದು ನಿಲ್ಲುವಂತೆ ಮಾಡುತ್ತದೆ. ಬದಲಿಗೆ ಹೀಗೆ ಮಾಡಿ: ಬಾಗಿಲು ತೆಗೆಯುವ ಹೊತ್ತಿಗೆ ಇರುವ ಎಲ್ಲರಿಗೂ ಡಬ್ಬಿಯಿಂದ ಟೋಕನ್ ಎತ್ತಲು ಹೇಳಿ. ಯಾವ ನಂಬರ್ ಬರುತ್ತೋ ಅದೇ ಸರದಿ. ಮೂರು ಸಲ ಹೀಗೆ ಮಾಡಿದರೆ, ಮುಂಚೆ ಬಂದು ಲಾಭವಿಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಸಾಲು ತಾನಾಗಿ ಕರಗುತ್ತದೆ. ಕೊನೆಯ ನಂಬರಿನವರಿಗೂ ಅದೇ ಸಾಮಾನು ಉಳಿದಿರುವಂತೆ ಹಂಚುವುದು ನಿಮ್ಮ ಜವಾಬ್ದಾರಿ, ಇಲ್ಲದಿದ್ದರೆ ಟೋಕನ್ ಅನ್ನೋದು ಲಾಟರಿ ಆಗಿಬಿಡುತ್ತದೆ.

ಕಟ್ಟಿಟ್ಟ ಚೀಲ ಕೊಡುವ ಬದಲು ಆರಿಸಿಕೊಳ್ಳಲು ಬಿಡಿ. ಇದನ್ನು ನಾವು ಕಲಿತದ್ದು ತಡವಾಗಿ. ಮೊದಲ ತಿಂಗಳು ಚೀಲ ಕಟ್ಟಿ ಸಾಲಾಗಿ ಜೋಡಿಸಿ, ಎಷ್ಟು ಚೆಂದ ಕಾಣುತ್ತೆ ಅಂತ ನಾವೇ ಬೀಗಿದ್ದೆವು. ಎರಡನೇ ಸಲ ಬಂದ ಒಬ್ಬ ಅಜ್ಜಿ ಚೀಲದಿಂದ ಎರಡು ಟಿನ್ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ಇದನ್ನ ತೆಗೆಯೋ ಸಾಧನ ನಮ್ಮನೇಲಿ ಇಲ್ಲ ಕಣಪ್ಪ. ಹೋದ ಸಲದ್ದೂ ಹಾಗೇ ಇದೆ" ಅಂದರು. ಅವರ ಬೆರಳಿಗೆ ಬಟ್ಟೆ ಸುತ್ತಿತ್ತು. ಯಾಕೆ ಅಂತ ನಾನು ಕೇಳಲಿಲ್ಲ. ಆ ವಾರವೇ ಚೀಲ ಕಟ್ಟುವುದು ನಿಲ್ಲಿಸಿ, ರ‍್ಯಾಕುಗಳ ಮುಂದಕ್ಕೆ ಜನರನ್ನೇ ಬಿಟ್ಟೆವು.

ನಡೆಸುವ ಕ್ರಮ ಸುಲಭ. ಮನೆಯಲ್ಲಿ ಎಷ್ಟು ಜನ ಅನ್ನುವುದರ ಮೇಲೆ ಮೂರು ಬಣ್ಣದ ಕಾರ್ಡು ಮಾಡಿ: 1–2, 3–4, 5 ಮತ್ತು ಮೇಲೆ. ಪ್ರತಿ ರ‍್ಯಾಕಿನ ಮೇಲೆ ಯಾವ ಬಣ್ಣಕ್ಕೆ ಎಷ್ಟು ಅಂತ ಬರೆದಿಡಿ. ಜನ ತಮಗೆ ಬೇಕಾದದ್ದನ್ನು ಅಷ್ಟರೊಳಗೆ ತೆಗೆದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಜಾಮ್ ಬಿಡುತ್ತಾರೆ, ಒಲೆ ಇಲ್ಲದವರು ಬೇಯಿಸದೆ ತಿನ್ನುವುದನ್ನು ಆರಿಸುತ್ತಾರೆ. ನೀವು ಯಾರ ಕಾಯಿಲೆಯನ್ನೂ ಕೇಳಬೇಕಾಗಿಲ್ಲ. "ಎಲ್ಲರೂ ಜಾಸ್ತಿ ಹೊಡ್ಕೊಂಡು ಹೋಗ್ತಾರೆ" ಅನ್ನುವ ಭಯ ಸುಮ್ನೆ. ಬೇಡದ್ದನ್ನು ಹೊತ್ತುಕೊಂಡು ಮೈಲಿ ನಡೆಯೋಕೆ ಯಾರಿಗೆ ಇಷ್ಟ?

ನೋಂದಣಿ ಮೇಜಿನಲ್ಲಿ ಮೂರೇ ಪ್ರಶ್ನೆ: ಕರೆಯುವ ಹೆಸರು, ಮನೆಯಲ್ಲಿ ಎಷ್ಟು ಜನ, ಏನಾದರೂ ಅಲರ್ಜಿ ಇದೆಯಾ. ಆದಾಯದ ಪತ್ರ ಬೇಡ, ಕಷ್ಟದ ಕಥೆ ಬೇಡ. ಯಾರಾದರೂ ಸುಳ್ಳು ಹೇಳಿ ಐದು ಕಿಲೋ ಅಕ್ಕಿ ಒಯ್ದರೆ ಒಯ್ಯಲಿ. ಪತ್ರ ಕೇಳಿದ್ದಕ್ಕೆ ಬಾಗಿಲಿಂದಲೇ ವಾಪಸ್ ಹೋಗುವವರ ಸಂಖ್ಯೆ ಅದಕ್ಕಿಂತ ಜಾಸ್ತಿ ಅಂತ ನನ್ನ ಅನಿಸಿಕೆ.

ಫೋಟೋ ತೆಗೆಯಬೇಡಿ. ದಾನಿಗಳು ಕೇಳುತ್ತಾರೆ, ಒತ್ತಾಯವೂ ಮಾಡುತ್ತಾರೆ. ತುಂಬಿದ ರ‍್ಯಾಕಿನ ಫೋಟೋ ಕಳಿಸಿ, ತಕ್ಕಡಿಯ ಲೆಕ್ಕ ಕಳಿಸಿ. ಮುಖ ಬೇಡ. ಮಗುವಿನ ಸಹಪಾಠಿಯ ಅಮ್ಮನ ಫೋನಿಗೆ ಆ ಫೋಟೋ ಬಂದರೆ ಆ ಮನೆಯವರು ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ, ಹಸಿದಿದ್ದರೂ.

ಹಂತ 8: ಕೆಲಸಕ್ಕೆ ಜನ, ಬೀಗಕ್ಕೆ ಮೂರು ಕೈ

ಬಾಗಿಲಿಗೆ ಒಬ್ಬರು, ನೋಂದಣಿಗೆ ಒಬ್ಬರು, ರ‍್ಯಾಕ್ ತುಂಬೋಕೆ ಇಬ್ಬರು, ಭಾರ ಎತ್ತೋಕೆ ಇಬ್ಬರು. ಪ್ರತಿ ಕೆಲಸಕ್ಕೂ ಇನ್ನೊಬ್ಬರು ಕಲಿತಿರಬೇಕು. ಬೀಗದ ಕೈ ಮೂರು ಮನೆಯಲ್ಲಿರಲಿ. ಬಾಗಿಲಲ್ಲಿ ನಿಲ್ಲುವವರನ್ನು ನೋಡಿ ಆರಿಸಿ: "ಬನ್ನಿ, ಕೂತ್ಕೊಳ್ಳಿ" ಅನ್ನುವವರು ಬೇಕು, ಉಪದೇಶ ಮಾಡುವವರು ಬೇಡ.

ವಾಂತಿ, ಭೇದಿ ಆದವರು ಅದು ನಿಂತು 48 ಗಂಟೆ ಆಗುವ ತನಕ ಆಹಾರ ಮುಟ್ಟಬಾರದು. ಇದರಲ್ಲಿ ದಾಕ್ಷಿಣ್ಯ ಬೇಡ.

ದಿನಸಿ ಒಯ್ಯುವವರಲ್ಲೇ ಕೆಲವರು ಕೆಲಸಕ್ಕೂ ಬರುತ್ತೇವೆ ಅನ್ನುತ್ತಾರೆ. ಖುಷಿಯಿಂದ ಸೇರಿಸಿಕೊಳ್ಳಿ. ಆದರೆ ಕೆಲಸ ಮಾಡಿದರೆ ಮಾತ್ರ ದಿನಸಿ ಅನ್ನುವ ಷರತ್ತು ಯಾವತ್ತೂ ಹಾಕಬೇಡಿ.

ಹಂತ 9: ಅಪಾಯದ ಸೂಚನೆಗಳನ್ನು ಓದುವುದು

ತಿಂಗಳಿಗೊಮ್ಮೆ ನೋಟ್‌ಬುಕ್‌ಗಳನ್ನು ಹರಡಿಕೊಂಡು ಕೂರಿ. ಒಳಗೆ ಬಂದ ತೂಕ, ಹೊರಗೆ ಹೋದ ತೂಕ, ಎಸೆದ ತೂಕ. ಎಸೆದದ್ದು ತಿಂಗಳು ತಿಂಗಳು ಏರುತ್ತಿದ್ದರೆ ನಿಮ್ಮ ಜರಡಿ ಸಡಿಲವಾಗಿದೆ, ಅಥವಾ ಬೇಡ ಅನ್ನೋಕೆ ನಿಮ್ಮವರು ಹೆದರುತ್ತಿದ್ದಾರೆ. ರ‍್ಯಾಕು ತುಂಬಿದೆ, ಅಕ್ಕಿಯ ಡಬ್ಬ ಮಾತ್ರ ಖಾಲಿ ಅಂದರೆ ನಾಲ್ಕು ವಸ್ತುಗಳ ಪಟ್ಟಿ ಯಾರ ಕೈಗೂ ತಲುಪಿಲ್ಲ. ಒಬ್ಬರೇ ನಾಲ್ಕು ಸಲ ಸತತವಾಗಿ ಬೀಗ ತೆಗೆದಿದ್ದಾರೆ ಅಂದರೆ ಐದನೇ ಸಲಕ್ಕೆ ಅವರು ದಣಿದಿರುತ್ತಾರೆ.

ನೋಟ್‌ಬುಕ್ಕಿನಲ್ಲಿ ಕಾಣದ ಸೂಚನೆಯೂ ಒಂದಿದೆ. ಹಂಚಿ ಮುಗಿದ ಮೇಲೆ ಹೊರಗೆ ಹೋಗಿ ಕಾಂಪೌಂಡ್ ಗೋಡೆ, ತಿರುವಿನ ಕಟ್ಟೆ ನೋಡಿ ಬನ್ನಿ. ಅಲ್ಲಿ ಬಿಟ್ಟುಹೋದ ಪ್ಯಾಕೆಟ್ಟುಗಳಿದ್ದರೆ ಜನ ನಿಮಗೆ ಎದುರು ಹೇಳಲಾರದ್ದನ್ನು ಅಲ್ಲಿಟ್ಟು ಹೇಳಿದ್ದಾರೆ. ಬಯ್ಯಬೇಡಿ, ಎಣಿಸಿಕೊಳ್ಳಿ, ಮುಂದಿನ ಸಲ ಅದನ್ನು ತರಿಸಬೇಡಿ.

ಹಿಂದೆ ತಪ್ಪದೆ ಬರುತ್ತಿದ್ದವರು ಎರಡು ಸಲ ಬರದಿದ್ದರೆ, ಅವರ ಕಷ್ಟ ತೀರಿತು ಅಂದುಕೊಳ್ಳುವ ಮೊದಲು ಒಬ್ಬರನ್ನು ಕಳಿಸಿ ವಿಚಾರಿಸಿ. ಕಾಲು ನೋವಿರಬಹುದು, ಪಾಳಿ ಬದಲಾಗಿರಬಹುದು, ನಿಮ್ಮಲ್ಲೇ ಯಾರೋ ಏನೋ ಅಂದಿರಬಹುದು.

ಸಾಮಾನು ಕಡಿಮೆ ಬಿದ್ದಾಗ ಪ್ರಮಾಣ ಇಳಿಸಿ, ದಿನ ತಪ್ಪಿಸಬೇಡಿ. 5 ಕಿಲೋ ಬದಲು 3 ಕಿಲೋ ಅಂತ ಹಿಂದಿನ ಹಂಚಿಕೆಯ ದಿನವೇ ಹೇಳಿಬಿಡಿ, ಅವರೂ ಅದಕ್ಕೆ ತಕ್ಕ ಹಾಗೆ ಮನೆ ನಡೆಸಿಕೊಳ್ಳುತ್ತಾರೆ. ಕೊನೆಯವರು ಹೋದ ಮೇಲೆ ನೆಲ ಗುಡಿಸಿ, ಉಷ್ಣಾಂಶ ಬರೆದು, ಬೀಗ ಹಾಕುವ ಮೊದಲು ಬಾಗಿಲ ಮೇಲೆ ಮುಂದಿನ ದಿನಾಂಕವನ್ನು ದಪ್ಪಗೆ ಬರೆಯಿರಿ. ಓದೋಕೆ ಬಾರದವರಿಗೆ ಹೋಗುವಾಗಲೇ ಬಾಯಲ್ಲೂ ಹೇಳಿರಬೇಕು.